ಗ್ಲಾಸ್ಗೋ 1900: ಬೀದಿ ಬೀದಿ, ಮನೆ ಮನೆ ತಿರುಗಿ ಪ್ಲೇಗ್ ಹಿಡಿದ ಪ್ರಕರಣ

1900ನೇ ಇಸವಿ ಆಗಸ್ಟ್ 3. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಕ್ಲೈಡ್ ನದಿಯ ದಕ್ಷಿಣ ದಡದಲ್ಲಿ ಗೋರ್ಬಲ್ಸ್ ಅಂತ ಒಂದು ಏರಿಯಾ, ಕಿಕ್ಕಿರಿದ ಬಡವರ ಏರಿಯಾ. ಅಲ್ಲಿನ ರೋಸ್ ಸ್ಟ್ರೀಟಲ್ಲಿ ಮೀನು ಮಾರಿಕೊಂಡು ಬದುಕ್ತಿದ್ದ ಒಬ್ಬ ಹೆಂಗಸು, ಜೊತೆಗೆ ಅವಳ ಮೊಮ್ಮಗು, ಇಬ್ರೂ ಜ್ವರ ಬಂದು ಮಲಗಿದ್ರು. ಒಂದು ವಾರದೊಳಗೆ ಇಬ್ರೂ ಸತ್ತರು. ಡಾಕ್ಟರ್ ಸರ್ಟಿಫಿಕೇಟಲ್ಲಿ ಹೊಟ್ಟೆ, ಕರುಳಿನ ಕಾಯಿಲೆ ಅಂತ ಬಂತು. ಅನುಮಾನ ಪಡೋಕೆ ಯಾರಿಗೂ ಕಾರಣ ಇರ್ಲಿಲ್ಲ, ಯಾಕಂದ್ರೆ ಆಗಸ್ಟ್ ತಿಂಗಳಲ್ಲಿ ಅಂಥ ಏರಿಯಾದಲ್ಲಿ ಮಕ್ಕಳು ವಾಂತಿ ಭೇದಿ ಆಗಿ ಸಾಯೋದು ಆಗಿನ ಕಾಲಕ್ಕೆ ತೀರಾ ಮಾಮೂಲಿ ವಿಷಯ. ವರದಿಗಳಲ್ಲಿ ಈ ಹೆಂಗಸನ್ನ ಶ್ರೀಮತಿ ಬಿ ಅಂತ ಕರೀತಾರೆ, ನಾನೂ ಹಾಗೇ ಕರೀತೀನಿ.

ಇದು ಪ್ಲೇಗ್ ಅಂತ ಊರಿಗೆ ಗೊತ್ತಾಗೋ ಹೊತ್ತಿಗೆ ಮೂರು ವಾರ ಕಳೆದಿತ್ತು. ಆದ್ರೂ ಸುಮಾರು ಏಳೂವರೆ ಲಕ್ಷ ಜನ ಇದ್ದ, ಪ್ರಪಂಚದ ಎಲ್ಲಾ ಮೂಲೆಯಿಂದ ಹಡಗು ಬರ್ತಿದ್ದ ಆ ಊರಲ್ಲಿ ಒಟ್ಟು ಕೇಸು 35ರ ಆಸುಪಾಸಿಗೆ ನಿಂತೋಯ್ತು, ಸತ್ತವರು 16. ಅದೇ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 303 ಕೇಸು, 103 ಸಾವು. ನಮ್ಮ ಕಡೆ ಬೊಂಬಾಯಿ, ಧಾರವಾಡ, ಮೈಸೂರು ಸೀಮೆಯ ಲೆಕ್ಕ ಸಾವಿರದಲ್ಲಿ ಲಕ್ಷದಲ್ಲಿ. ಗ್ಲಾಸ್ಗೋದವರಿಗೆ ಪ್ಲೇಗ್ ಹೇಗೆ ಹರಡುತ್ತೆ ಅನ್ನೋದೇ ಸರಿಯಾಗಿ ಗೊತ್ತಿರ್ಲಿಲ್ಲ, ಆಂಟಿಬಯಾಟಿಕ್ ಅನ್ನೋದು ಹುಟ್ಟೇ ಇರ್ಲಿಲ್ಲ, ಅಂಥದ್ರಲ್ಲಿ ತಡೆದ್ರು. ಹೇಗೆ ತಡೆದ್ರು ಅನ್ನೋದೇ ಈ ಪ್ರಕರಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಅವರನ್ನ ಉಳಿಸಿದ್ದು ಪ್ಲೇಗಿನ ಬಗ್ಗೆ ಇದ್ದ ಜ್ಞಾನ ಅಲ್ಲ. ಯಾರು ಯಾರ ಮನೇಲಿ ಕೂತಿದ್ರು, ಯಾರು ಯಾರ ಹಾಸಿಗೇಲಿ ಮಲಗಿದ್ರು ಅಂತ ತಾಳ್ಮೆಯಿಂದ ಕೇಳಿ ಬರೆದಿಟ್ಟ ಅಭ್ಯಾಸ, ಆ ಅಭ್ಯಾಸದ ಹಿಂದಿದ್ದ ಮೂವತ್ತು ನಲವತ್ತು ವರ್ಷದ ತಯಾರಿ.

ಮೊದಲು ಜಾಗ ಹೇಗಿತ್ತು ನೋಡೋಣ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಗೋರ್ಬಲ್ಸಲ್ಲಿ ಸ್ವಂತ ಮನೆ ಅನ್ನೋದಿಲ್ಲ, ಎಲ್ಲಾ ಟೆನೆಮೆಂಟ್, ಮೂರು ನಾಲ್ಕು ಮಹಡಿಯ ಕಲ್ಲಿನ ಕಟ್ಟಡಗಳು. ಬೀದಿಯಿಂದ ಒಳಗೆ ಹೋಗೋಕೆ ಒಂದು ಕತ್ತಲೆ ಓಣಿ, ಅದನ್ನ ಕ್ಲೋಸ್ ಅಂತಾರೆ, ಅಲ್ಲಿಂದ ಎಲ್ಲರಿಗೂ ಸೇರಿದ ಒಂದೇ ಮೆಟ್ಟಿಲು, ಮೆಟ್ಟಿಲಿನ ಅಕ್ಕಪಕ್ಕ ಮನೆಗಳು, ಎಷ್ಟೋ ಕಡೆ ನಲ್ಲಿ ಮತ್ತೆ ಕಕ್ಕಸ್ಸು ಕೂಡ ಸಾಮಾನ್ಯದ್ದು, ಹಿಂದುಗಡೆ ಅಂಗಳದಲ್ಲಿ ಬೂದಿ ಕಸ ಸುರಿಯೋ ಗುಂಡಿ. ಮನೆ ಅಂದ್ರೆ ಒಂದು ರೂಮು, ಬಹಳ ಆದ್ರೆ ಎರಡು. ಅಡಿಗೆ ಮನೆ ಗೋಡೇಲೇ ಒಂದು ಗೂಡು ಮಾಡಿ ಅದರೊಳಗೆ ಹಾಸಿಗೆ, ಗಾಳಿ ಬೆಳಕು ಇಲ್ಲ, ಗಂಡ ಹೆಂಡತಿ ಮಕ್ಕಳು ಎಲ್ಲಾ ಅಲ್ಲೇ. ಈ ಊರಿನ ಆರೋಗ್ಯಾಧಿಕಾರಿಯಾಗಿ 1872ರಿಂದ 1898ರ ತನಕ ಇದ್ದ ಜೇಮ್ಸ್ ಬರ್ನ್ ರಸೆಲ್ 1888ರಲ್ಲೇ ಒಂದು ಉಪನ್ಯಾಸದಲ್ಲಿ ಲೆಕ್ಕ ಕೊಟ್ಟಿದ್ದ, ಗ್ಲಾಸ್ಗೋದ ನಾಲ್ಕರಲ್ಲಿ ಒಂದು ಭಾಗ ಜನ ಒಂದೇ ರೂಮಿನ ಮನೇಲಿ ಹುಟ್ಟಿ, ಬದುಕಿ, ಸಾಯ್ತಾರೆ ಅಂತ. ಹೆಣ ಕೂಡ ಆ ರೂಮಲ್ಲೇ ಇರುತ್ತೆ, ಅದೇ ರೂಮಲ್ಲಿ ಉಳಿದವರು ಊಟ ಮಾಡ್ತಾರೆ. ಆ ಮಾತನ್ನ ಆತ ಸುಮ್ಮನೆ ಹೇಳಿದ್ದಲ್ಲ, ಅವನ ಕೈಯಲ್ಲಿ ಮನೆ ಮನೆ ಲೆಕ್ಕ ಇತ್ತು.

ಲೆಕ್ಕ ಎಲ್ಲಿಂದ ಬಂತು ಅಂದ್ರೆ ಟಿಕೆಟ್ಟಿಂದ. 1862ರ ಒಂದು ಕಾನೂನಿನ ಪ್ರಕಾರ 2,000 ಘನ ಅಡಿಗಿಂತ ಚಿಕ್ಕ ಮನೆಗಳನ್ನ ನಗರಪಾಲಿಕೆಯವರು ಅಳತೆ ಮಾಡಿ ಬಾಗಿಲ ಹತ್ರ ಒಂದು ತಗಡಿನ ಟಿಕೆಟ್ ಹೊಡೀತಿದ್ರು. ಟಿಕೆಟ್ ಮೇಲೆ ಮನೆ ಎಷ್ಟು ಘನ ಅಡಿ, ಅದರಲ್ಲಿ ಎಷ್ಟು ಜನ ದೊಡ್ಡವರು ಮಲಗಬಹುದು ಅಂತ ನಂಬರ್. ಮೊದಲಿಗೆ ಒಬ್ಬರಿಗೆ 300 ಘನ ಅಡಿ ಅಂತ ಲೆಕ್ಕ, ಮಕ್ಕಳು ಅಂದ್ರೆ ಅರ್ಧ. ಇಂಥ ಟಿಕೆಟ್ ಮನೆಗಳು ಊರಲ್ಲಿ 20,000ಕ್ಕೂ ಜಾಸ್ತಿ ಇದ್ವು. ಟಿಕೆಟ್ಟಲ್ಲಿ ಬರೆದಿದ್ದಕ್ಕಿಂತ ಜಾಸ್ತಿ ಜನ ಮಲಗಿದಾರಾ ಅಂತ ನೋಡೋಕೆ ಇನ್‌ಸ್ಪೆಕ್ಟರ್‌ಗಳು ನಡುರಾತ್ರಿ ಲಾಟೀನು ಹಿಡ್ಕೊಂಡು ಬಂದು ಬಾಗಿಲು ತಟ್ಟೋರು, ಒಳಗಿದ್ದವರು ಕಪಾಟಿನೊಳಗೆ, ಮಂಚದ ಕೆಳಗೆ, ಮಾಡಿನ ಮೇಲೆ ಕೂಡ ಹೋಗಿ ಬಚ್ಚಿಟ್ಕೊಳ್ಳೋರು. ಇದು ಬಡವರಿಗೆ ಅವಮಾನ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ, ಬಾಡಿಗೆ ಕಟ್ಟೋಕೆ ಆಗದೇ ಇನ್ನೊಬ್ಬರನ್ನ ಜೊತೆಗಿಟ್ಟುಕೊಂಡವರನ್ನ ರಾತ್ರಿ ಎಬ್ಬಿಸಿ ದಂಡ ಹಾಕೋದು ಯಾವ ನ್ಯಾಯ. ಆದ್ರೆ ಇದರಿಂದ ಇನ್ನೊಂದು ಆಯ್ತು, ಯಾವ ಕ್ಲೋಸಲ್ಲಿ ಯಾವ ಮಹಡೀಲಿ ಯಾರಿದಾರೆ ಅಂತ ಆಫೀಸಲ್ಲಿ ಕೂತ ಮನುಷ್ಯನಿಗೂ ಗೊತ್ತಿತ್ತು, ಮೆಟ್ಟಿಲು ಹತ್ತಿ ಇಳಿಯೋ ಇನ್‌ಸ್ಪೆಕ್ಟರಿಗಂತೂ ಮುಖ ಪರಿಚಯವೇ ಇತ್ತು.

ಸರಿ, ಕೇಸಿಗೆ ವಾಪಸ್ ಬರೋಣ. ಆಗಸ್ಟ್ 25ರ ಹೊತ್ತಿಗೆ ರೋಸ್ ಸ್ಟ್ರೀಟಿನ ಹತ್ತಿರದ ಥಿಸಲ್ ಸ್ಟ್ರೀಟಲ್ಲಿ ಒಂದೇ ಮನೆಯ ಕೆಲವರು ಒಟ್ಟಿಗೆ ಕಾಯಿಲೆ ಬಿದ್ರು, ಅವರನ್ನ ಬೆಲ್ವಿಡಿಯರ್ ಅನ್ನೋ ಊರಿನ ಜ್ವರದ ಆಸ್ಪತ್ರೆಗೆ ಕಳಿಸಿದ್ರು. ಅಲ್ಲಿ ತೊಡೆಸಂದಿಯಲ್ಲಿ ಗಡ್ಡೆ ಕಂಡಿತು. ಟೈಫಾಯ್ಡಿಗೆ ಹಾಗೆ ಗಡ್ಡೆ ಬರಲ್ಲ. ಗಡ್ಡೆಯಿಂದ ಸೂಜೀಲಿ ದ್ರವ ತೆಗೆದು ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗಿಡ್ಡ ಗಿಡ್ಡ ಬ್ಯಾಕ್ಟೀರಿಯಾ, ಎರಡೂ ತುದಿ ಗಾಢ, ನಡುವೆ ತೆಳು ಬಣ್ಣ. ಹಾಂಗ್‌ಕಾಂಗಲ್ಲಿ 1894ರಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ಪತ್ತೆ ಮಾಡಿದ ಯೆರ್ಸಿನ್ ಅನ್ನೋ ಡಾಕ್ಟರು ನೋಡಿದ್ದ ಅದೇ ಆಕಾರ. ಕಲ್ಚರ್ ಮಾಡಿ ಖಾತ್ರಿ ಮಾಡ್ಕೊಂಡ್ರು. ಬ್ರಿಟನ್ನಿನಲ್ಲಿ ಪ್ಲೇಗ್ ದೊಡ್ಡದಾಗಿ ಬಂದು ಹೋಗಿ 230 ವರ್ಷ ಆಗಿತ್ತು, ಯಾವ ಲೋಕಲ್ ಡಾಕ್ಟರೂ ಕಣ್ಣಾರೆ ಕಂಡಿದ್ದಲ್ಲ, ಕಾಯಿಲೆ ಕಂಡರೆ ಸರ್ಕಾರಕ್ಕೆ ತಿಳಿಸಬೇಕು ಅಂತ 1889ರಲ್ಲಿ ಮಾಡಿದ ಕಾಯ್ದೆಯ ಮೂಲ ಪಟ್ಟೀಲಿ ಪ್ಲೇಗಿನ ಹೆಸರೇ ಇರ್ಲಿಲ್ಲ. ಅಷ್ಟಾದ್ರೂ ಆಸ್ಪತ್ರೆಯವರು ಅನುಮಾನ ಪಟ್ಟರಲ್ಲ, ಅದಕ್ಕೆ ಕಾರಣ ಹೊರಗಡೆಯ ಸುದ್ದಿ. 1896ರಿಂದ ಬೊಂಬಾಯಿ ಸುದ್ದಿ ಪೇಪರಲ್ಲಿ ಬರ್ತಾನೇ ಇತ್ತು, 1899ರಲ್ಲಿ ಪೋರ್ಚುಗಲ್ಲಿನ ಪೋರ್ಟೋಗೆ ಬಂದಿತ್ತು, ಅಂದ್ರೆ ಯುರೋಪಿನ ಬಂದರು ಮುಟ್ಟಿಯಾಗಿತ್ತು. ಬಂದರು ಊರುಗಳ ಡಾಕ್ಟರುಗಳು ಕಿವಿ ನೆಟ್ಟಗೆ ಮಾಡ್ಕೊಂಡೇ ಇದ್ರು.

ಈಗ ರಸೆಲ್ ಜಾಗದಲ್ಲಿ ಇದ್ದವನು ಆರ್ಚಿಬಾಲ್ಡ್ ಕೆರ್ ಚಾಮರ್ಸ್, 1898ರಲ್ಲಿ ಆರೋಗ್ಯಾಧಿಕಾರಿ ಆದವನು. ಈತ ಮಾಡಿದ ಮೊದಲ ಕೆಲಸ ಹಿಂದಕ್ಕೆ ನಡೆಯೋದು. ಥಿಸಲ್ ಸ್ಟ್ರೀಟಿನ ಈ ಮನೆಯವರು ಇತ್ತೀಚೆಗೆ ಎಲ್ಲೆಲ್ಲಿ ಹೋಗಿದ್ರು, ಯಾರನ್ನ ನೋಡಿದ್ರು, ಆ ಬೀದಿಗಳಲ್ಲಿ ಆಗಸ್ಟಲ್ಲಿ ಸತ್ತವರು ಯಾರು, ಸರ್ಟಿಫಿಕೇಟಲ್ಲಿ ಏನು ಬರೆದಿದೆ, ಅದನ್ನ ನಂಬಬಹುದಾ, ಹೀಗೆ ಸಾವಿನ ರಿಜಿಸ್ಟರ್ ತೆಗೆದು ಹೆಸರು ಹೆಸರು ನೋಡ್ತಾ ಮನೆಗಳಿಗೆ ಹೋಗಿ ಕೇಳ್ತಾ ಹೋದಾಗ ದಾರಿ ಎಲ್ಲಾ ಬಂದು ಸೇರಿದ್ದು ರೋಸ್ ಸ್ಟ್ರೀಟಿನ ಶ್ರೀಮತಿ ಬಿ ಮನೆ ಬಾಗಿಲಿಗೆ. ಅದರಲ್ಲೂ ಆಕೆ ಬದುಕಿದ್ದಾಗಿನ ಮನೆಗಿಂತ ಜಾಸ್ತಿ, ಆಕೆ ಸತ್ತ ಮೇಲಿನ ಮನೆಗೆ.

ಈ ಏರಿಯಾದಲ್ಲಿ ಐರ್ಲೆಂಡಿನಿಂದ ಕೂಲಿಗೆ ಬಂದ ಕ್ಯಾಥೊಲಿಕ್ ಜನ ಜಾಸ್ತಿ. ಅವರಲ್ಲಿ ವೇಕ್ ಅಂತ ಪದ್ಧತಿ, ಸತ್ತವರನ್ನ ಮಣ್ಣು ಮಾಡೋ ತನಕ ಹೆಣ ಮನೇಲಿಟ್ಟು ರಾತ್ರಿಯೆಲ್ಲಾ ನೆಂಟರು, ನೆರೆಹೊರೆಯವರು, ಜೊತೆ ಕೆಲಸದವರು ಬಂದು ಕೂರ್ತಾರೆ. ನಮ್ಮಲ್ಲಿ ಹೆಣ ಇಟ್ಟು ರಾತ್ರಿಯಿಡೀ ಭಜನೆ ಮಾಡ್ತಾ ಕೂರ್ತಾರಲ್ಲ, ಹಾಗೇ, ಬರದೇ ಇದ್ರೆ ತಪ್ಪು ತಿಳ್ಕೊಳ್ತಾರೆ, ಸಾವಿಗೆ ಬಂದಿಲ್ಲ ಅನ್ನೋ ಮಾತು ವರ್ಷಗಟ್ಟಲೆ ಉಳಿಯುತ್ತೆ. ಶ್ರೀಮತಿ ಬಿ ಬೀದಿ ಬೀದಿ ತಿರುಗಿ ಮೀನು ಮಾರ್ತಿದ್ದವಳು, ಅಂದ್ರೆ ಪರಿಚಯ ಇಲ್ಲದ ಮನೆ ಇಲ್ಲ. ವೇಕಿಗೆ 100ಕ್ಕೂ ಜಾಸ್ತಿ ಜನ ಬಂದಿದ್ರು. ಆಕೆ ಜ್ವರದಲ್ಲಿ ಮಲಗಿದ್ದ ಹಾಸಿಗೆ, ಹೊದ್ದಿದ್ದ ಬಟ್ಟೆ ಎಲ್ಲಾ ಅಲ್ಲೇ ಇದ್ದ ಇಕ್ಕಟ್ಟಿನ ಮನೇಲಿ ಅಷ್ಟು ಜನ ಗಂಟೆಗಟ್ಟಲೆ ಕೂತಿದ್ರು. ಆಮೇಲೆ ಕಾಯಿಲೆ ಬಿದ್ದವರಲ್ಲಿ ಒಬ್ಬೊಬ್ಬರ ದಾರಿಯನ್ನೂ ಹಿಡಿದು ಹಿಂದಕ್ಕೆ ಹೋದ್ರೆ ಒಂದಾ ಈ ಮನೆ, ಇಲ್ಲಾ ಈ ಮನೆಗೆ ಬಂದು ಹೋದವರ ಮನೆ. ಬಹುತೇಕ ಎಲ್ಲಾ ಕೇಸಿಗೂ ಹಿಂದಿನ ಒಂದು ಕೇಸಿನ ಜೊತೆ ಸಂಬಂಧ ಸಿಕ್ಕಿತು, ಇದು ಸಣ್ಣ ವಿಷಯ ಅಲ್ಲ. ಇವತ್ತು ಮೊಬೈಲು, ಕಂಪ್ಯೂಟರು ಇಟ್ಕೊಂಡು ಮಾಡಿದ ಕಾಂಟ್ಯಾಕ್ಟ್ ಟ್ರೇಸಿಂಗಲ್ಲೂ ಮೂಲ ಸಿಗದ ಕೇಸುಗಳು ರಾಶಿ ಇರುತ್ವೆ, ಕೊರೊನಾ ಟೈಮಲ್ಲಿ ನೋಡಿದೀವಿ.

ಮೀನಿನ ವ್ಯಾಪಾರದ ಬಗ್ಗೆ ಒಂದು ಮಾತು. ಕಸುಬು ನೋಡಿ ಕಾಯಿಲೆ ಹುಡುಕೋದು ಆ ಕಾಲದ ಆರೋಗ್ಯಾಧಿಕಾರಿಗಳಿಗೆ ರಕ್ತದಲ್ಲೇ ಬಂದಿತ್ತು. ಬ್ರಾಡ್‌ಫರ್ಡಿನಲ್ಲಿ ಉಣ್ಣೆ ಬಿಡಿಸೋರಿಗೆ ಆಂಥ್ರಾಕ್ಸ್ ಬರ್ತಿತ್ತು, ಹಾಲು ಮಾರೋರ ಗಿರಾಕಿ ಪಟ್ಟಿ ಹಿಡಿದು ಟೈಫಾಯ್ಡು, ಸ್ಕಾರ್ಲೆಟ್ ಫೀವರ್ ಪತ್ತೆ ಮಾಡೋರು, ರಸೆಲ್ ಕೂಡ ಗ್ಲಾಸ್ಗೋದಲ್ಲಿ ಹಾಲಿನ ದಾರಿ ಹಿಡಿದು ಹೋದವನೇ. ಹಾಗಾಗಿ ಪ್ಲೇಗ್ ಬಂದಾಗಲೂ ಎಲ್ಲರ ಕಣ್ಣು ಮೊದಲು ಹೋಗಿದ್ದು ಬಂದರಿನ ಕಡೆ, ಹಡಗಿನಿಂದ ಸರಕು ಇಳಿಸೋ ಕೂಲಿಗಳ ಕಡೆ. ಮೀನು ಮಾರೋಳು ಮೊದಲ ಕೇಸು ಅಂದಾಗ ಸರಕಿನಿಂದ ಬಂತಾ, ಹಡಗಿನ ಇಲಿಯಿಂದ ಬಂತಾ ಅಂತ ತನಿಖೆ ನಡೀತು. ಮೂಲ ಕೊನೆಗೂ ಪತ್ತೆ ಆಗ್ಲಿಲ್ಲ. ನನಗೆ ಇಷ್ಟ ಆಗೋದು ಏನಂದ್ರೆ, ಮೂಲ ಸಿಗೋ ತನಕ ಕಾಯೋಣ ಅಂತ ಚಾಮರ್ಸ್ ಕೂರಲಿಲ್ಲ. ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಬೇರೆ, ಈಗ ಎಲ್ಲಿದೆ ಅನ್ನೋ ಪ್ರಶ್ನೆ ಬೇರೆ. ಎರಡನೇದಕ್ಕೆ ಉತ್ತರ ಕಸುಬಲ್ಲಿ ಇರ್ಲಿಲ್ಲ, ನೆಂಟಸ್ತಿಕೆಯಲ್ಲಿ, ನೆರೆಹೊರೆಯಲ್ಲಿ, ಸಾವಿಗೆ ಹೋಗಿಬರೋ ಸಂಬಂಧದಲ್ಲಿ ಇತ್ತು. ಕಸುಬು ಹೇಳಿದ್ದು ಇಷ್ಟೇ, ಈ ಹೆಂಗಸಿಗೆ ಇಷ್ಟೊಂದು ಜನ ಯಾಕೆ ಪರಿಚಯ ಅಂತ.

ಆಮೇಲಿನ ಕ್ರಮಗಳು ಬೇಗ ಬೇಗ ಆದ್ವು. ಕಾಯಿಲೆಯವರೆಲ್ಲಾ ಬೆಲ್ವಿಡಿಯರಿಗೆ. ಪ್ಯಾರಿಸಿನ ಪಾಸ್ಚರ್ ಇನ್‌ಸ್ಟಿಟ್ಯೂಟಿಂದ ಯೆರ್ಸಿನ್ ಸೀರಮ್, ಅಂದ್ರೆ ಪ್ಲೇಗಿಗೆ ಕೊಡೋ ಚುಚ್ಚುಮದ್ದು, ತರಿಸಿ ಕೊಟ್ರು. ಮನೆಗಳಿಗೆ ಗಂಧಕದ ಹೊಗೆ, ಫಾರ್ಮಲಿನ್ ಸ್ಪ್ರೇ, ಹಾಸಿಗೆ ಬಟ್ಟೆ ಸುಡೋದು ಇಲ್ಲಾ ನಗರಪಾಲಿಕೆಯ ದೊಡ್ಡ ಧೋಬಿಖಾನೆಗೆ ಒಯ್ದು ಕುದಿಸೋದು, ಮೆಟ್ಟಿಲು ಕ್ಲೋಸು ತೊಳೆದು ಸುಣ್ಣ ಬಳಿಯೋದು, ಹಿತ್ತಲಿನ ಕಸದ ಗುಂಡಿ ದಿನಾ ಖಾಲಿ ಮಾಡೋದು. ಇದೆಲ್ಲಾ ಪ್ಲೇಗ್ ಬ್ಯಾಕ್ಟೀರಿಯಾ ಕೊಲ್ಲೋಕೆ ಅಂತ ಮಾಡಿದ್ದು, ಆದ್ರೆ ಕುದಿಯೋ ನೀರಿಗೆ ಬಿದ್ದ ಬಟ್ಟೇಲಿ ಚಿಗಟ, ಹೇನು, ಅವುಗಳ ಮೊಟ್ಟೆ ಯಾವುದೂ ಉಳಿಯಲ್ಲ. ಈ ವಿಷಯ ಮುಂದಕ್ಕೆ ಬೇಕಾಗುತ್ತೆ.

ಕಾಯಿಲೆಯವರ ಮನೆಯವರು, ಮುಟ್ಟಿದವರು, 100ಕ್ಕೂ ಹೆಚ್ಚು ಜನ, ಅವರನ್ನೆಲ್ಲಾ ರಿಸೆಪ್ಷನ್ ಹೌಸ್ ಅಂತ ಕರೆಯೋ ಮನೇಲಿ ಇಟ್ರು. ಇದು ಗ್ಲಾಸ್ಗೋದವರ ಹಳೇ ಪದ್ಧತಿ, 1870ರ ದಶಕದ ಟೈಫಸ್ ಕಾಲದಿಂದ ಬಂದದ್ದು. ಒಂದು ಮನೇಲಿ ಟೈಫಸ್ ಬಂದ್ರೆ ರೋಗಿ ಆಸ್ಪತ್ರೆಗೆ, ಉಳಿದವರು ಎಲ್ಲಿ ಹೋಗ್ಬೇಕು, ಮನೆಗೆ ಹೊಗೆ ಹಾಕಬೇಕಲ್ಲ, ಆಗ ಅವರಿಗೆ ಊರಿನ ಖರ್ಚಲ್ಲಿ ಇರೋಕೆ ಜಾಗ, ಊಟ, ಸ್ನಾನ, ತೊಟ್ಟ ಬಟ್ಟೆ ಕುದಿಸಿ ವಾಪಸ್ ಕೊಡೋ ತನಕ ತೊಡೋಕೆ ಬೇರೆ ಬಟ್ಟೆ. ಡಾಕ್ಟರ್ ದಿನಾ ಬಂದು ನೋಡೋನು. ಅಂದ್ರೆ ಇವರು ಖೈದಿಗಳಲ್ಲ, ಹಂಗಂತ ಬೇಕಾದಾಗ ಎದ್ದು ಹೋಗೋ ಹಾಗೂ ಇಲ್ಲ. 1900ರ ಹೊತ್ತಿಗೆ ಗೋರ್ಬಲ್ಸಿನ ಜನಕ್ಕೆ ಇದು ಹೊಸದಲ್ಲ, ಅಮ್ಮನೋ ಚಿಕ್ಕಮ್ಮನೋ ಹಿಂದೆ ಯಾವಾಗಲೋ ಹೋಗಿ ವಾಪಸ್ ಬಂದಿದ್ರು, ಹೋದವರು ವಾಪಸ್ ಬರ್ತಾರೆ ಅಂತ ಗೊತ್ತಿತ್ತು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲ. ಬಾಗಿಲು ತಟ್ಟಿ ಯಾರ್ಯಾರು ಸಾವಿಗೆ ಹೋಗಿದ್ರಿ ಅಂತ ಕೇಳಿದಾಗ ನಿಜ ಹೇಳಬೇಕು ಅಂದ್ರೆ, ಹೇಳಿದ ಮೇಲೆ ಏನಾಗುತ್ತೆ ಅನ್ನೋದು ಆ ಮನುಷ್ಯನಿಗೆ ಮೊದಲೇ ಗೊತ್ತಿರಬೇಕು, ಗೊತ್ತಿರೋದು ಭಯ ಹುಟ್ಟಿಸದ ಹಾಗಿರಬೇಕು. ಆಗ್ಲೂ ಸುಳ್ಳು ಹೇಳಿದವರು, ಮುಚ್ಚಿಟ್ಟವರು ಇರ್ತಾರೆ, ಆದ್ರೆ ಲೆಕ್ಕ ಕೂಡಿಸೋಕಾಗೋ ಅಷ್ಟು ನಿಜ ಹೊರಗೆ ಬಂತು.

ವೇಕಿನ ವಿಷಯವನ್ನೂ ಹೀಗೇ ಮಾಡಿದ್ರು. ಸಾವಿನ ಪದ್ಧತಿ ಮೇಲೆ ಕೈ ಹಾಕೋದು ಎಷ್ಟು ಸೂಕ್ಷ್ಮ ಅಂತ ಹೇಳಬೇಕಾಗಿಲ್ಲ, ಅದರಲ್ಲೂ ಪ್ರೊಟೆಸ್ಟೆಂಟ್ ಊರಲ್ಲಿ ವಲಸೆ ಬಂದ ಬಡ ಕ್ಯಾಥೊಲಿಕರ ಮೇಲೆ. ಪೊಲೀಸು ಕಳಿಸಿದ್ರೆ ಹೆಣಗಳು ರಾತ್ರೋರಾತ್ರಿ ಬೇರೆ ಮನೆಗೆ ಹೋಗೋವು. ನಗರಪಾಲಿಕೆಯವರು ಕ್ಯಾಥೊಲಿಕ್ ಪಾದ್ರಿಗಳ ಹತ್ರ ಮಾತಾಡಿದ್ರು, ಈ ಕಾಯಿಲೆ ಮುಗಿಯೋ ತನಕ ವೇಕ್ ಬೇಡ ಅಂತ ಪಾದ್ರಿಗಳ ಕಡೆಯಿಂದ ಜನಕ್ಕೆ ಹೇಳಿಸಿದ್ರು. ಜನ ಒಪ್ಪಿದ್ರು. ಇನ್ನೊಂದು ವಿಷಯ, ಸುದ್ದಿ ಮುಚ್ಚಿಡಲಿಲ್ಲ. ಪ್ಲೇಗ್ ಇದೆ ಅಂತ ಒಪ್ಕೊಂಡ್ರೆ ಗ್ಲಾಸ್ಗೋ ಸೋಂಕಿನ ಬಂದರು ಆಗುತ್ತೆ, ಬೇರೆ ದೇಶಗಳಲ್ಲಿ ಅದರ ಹಡಗುಗಳನ್ನ ತಡೀತಾರೆ, ವ್ಯಾಪಾರಕ್ಕೆ ಹೊಡೆತ, ಇದೆಲ್ಲಾ ಗೊತ್ತಿದ್ದೂ ಆಗಸ್ಟ್ ಮುಗಿಯೋದ್ರೊಳಗೆ ಬಹಿರಂಗವಾಗಿ ಹೇಳಿದ್ರು. ಅದೇ 1900ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮಾರ್ಚಲ್ಲಿ ಪ್ಲೇಗ್ ಕಂಡಾಗ ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜ್ ಪ್ಲೇಗೇ ಇಲ್ಲ ಅಂತ ವಾದ ಮಾಡ್ತಾ ಕೂತ, ಚೀನೀಯರ ಬೀದಿಗಳಿಗೆ ಮಾತ್ರ ಹಗ್ಗ ಕಟ್ಟಿ ಬೇಲಿ ಹಾಕಿದ್ರು, ಕಾಯಿಲೆ 1904ರ ತನಕ ಎಳೆದಾಡ್ತು. ಪೋರ್ಟೋದಲ್ಲಿ ಕಾಯಿಲೆ ಪತ್ತೆ ಮಾಡಿದ ರಿಕಾರ್ಡೋ ಜಾರ್ಜ್ ಅನ್ನೋ ಡಾಕ್ಟರು ಜನರ ಸಿಟ್ಟಿಗೆ ಊರೇ ಬಿಟ್ಟು ಲಿಸ್ಬನ್ನಿಗೆ ಹೋಗಬೇಕಾಯ್ತು, ಯಾಕಂದ್ರೆ ಸರ್ಕಾರ ಊರ ಸುತ್ತ ಸೈನ್ಯದ ಕಾವಲು ಹಾಕಿ ಜನರ ಹೊಟ್ಟೆ ಮೇಲೆ ಹೊಡೆದಿತ್ತು, ಆ ಸಿಟ್ಟೆಲ್ಲಾ ತಿರುಗಿದ್ದು ಕಾಯಿಲೆಯ ಹೆಸರು ಹೇಳಿದ ಡಾಕ್ಟರ ಮೇಲೆ.

ನಮ್ಮ ಕಡೆ ಇದೇ ಬ್ರಿಟಿಷ್ ಸರ್ಕಾರ ಏನು ಮಾಡ್ತು ಅಂತ ಇಲ್ಲಿ ಹೇಳಲೇಬೇಕು. ಪುಣೆಯಲ್ಲಿ 1897ರಲ್ಲಿ ಸೈನಿಕರನ್ನ ಮನೆಯೊಳಗೆ ನುಗ್ಗಿಸಿದ್ರು, ದೇವರ ಮನೆ, ಹೆಂಗಸರ ಕೋಣೆ ಏನೂ ನೋಡಲಿಲ್ಲ, ಜೂನ್ 22ಕ್ಕೆ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರ ಗುಂಡು ಬಿತ್ತು. 1898ರ ಆಗಸ್ಟಲ್ಲಿ ಪ್ಲೇಗ್ ಹುಬ್ಬಳ್ಳಿ ಕಡೆಯಿಂದ ರೈಲಲ್ಲಿ ಬೆಂಗಳೂರಿಗೆ ಬಂತು, ಪೇಟೆಯ ಕಿಷ್ಕಿಂಧೆ ಬೀದಿಗಳಲ್ಲಿ ಹಬ್ಬಿತು, ಜನರನ್ನ ಕ್ಯಾಂಪಿಗೆ ಸಾಗಿಸಿದ್ರು, ಮೈಸೂರು ಸೀಮೆಯ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಅದೇ ವರ್ಷ ಗಲಭೆನೇ ಆಯ್ತು. ಕ್ಯಾಂಪಿಗೆ ಹೋದವರು ವಾಪಸ್ ಬರಲ್ಲ ಅನ್ನೋ ಭಯದಲ್ಲಿ ಜನ ರೋಗಿಗಳನ್ನ ಬಚ್ಚಿಟ್ರು. ಕಾನೂನಿನ ಬಲ ಗ್ಲಾಸ್ಗೋದಲ್ಲೂ ಇತ್ತು, ಬೇಡ ಅಂದವರನ್ನ ಎತ್ತಿಕೊಂಡು ಹೋಗೋ ಅಧಿಕಾರ ಇತ್ತು. ಆದ್ರೆ ಅಲ್ಲಿ ಬಾಗಿಲಿಗೆ ಬಂದವನು ಅವರದೇ ಊರಿನ ನೌಕರ, ಅವನ ಮೇಲೆ ಓಟು ಹಾಕಿಸಿಕೊಂಡ ಕೌನ್ಸಿಲ್ ಇತ್ತು. ಪುಣೆಯಲ್ಲಿ ಬಂದೂಕು ಹಿಡಿದ ಪರಕೀಯ ಸೈನಿಕ. ಹಾಗಂತ ನಮ್ಮ ಕಡೆ ಎಲ್ಲಾ ಸೋಲೇ ಅಂತ ಅಲ್ಲ, ಹುಬ್ಬಳ್ಳೀಲಿ 1898ರಲ್ಲಿ ಲ್ಯೂಮನ್ ಅನ್ನೋ ಡಾಕ್ಟರ ಉಸ್ತುವಾರೀಲಿ 30,000ಕ್ಕೂ ಹೆಚ್ಚು ಜನ ಹಾಫ್ಕಿನ್ ಅನ್ನೋ ವಿಜ್ಞಾನಿ ಮಾಡಿದ ಪ್ಲೇಗ್ ಲಸಿಕೆ ಹಾಕಿಸ್ಕೊಂಡ್ರು, ಆ ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡ ಪ್ರಯೋಗಗಳಲ್ಲಿ ಒಂದು. ಆಮೇಲೆ ಗ್ಲಾಸ್ಗೋದಲ್ಲಿ ಪ್ಲೇಗ್ ಬಂದಾಗ ಅಲ್ಲಿನವರ ಕೈಗೆ ಹಾಫ್ಕಿನ್ ಲಸಿಕೆ ಸಿಕ್ಕಿದ್ದು ಇಂಥ ನಮ್ಮ ಊರುಗಳ ಜನರ ತೋಳಿನ ಮೇಲೆ ಪರೀಕ್ಷೆ ಆದ ಮೇಲೆ.

ಈಗ ಇಲಿ ವಿಷಯ. ನಮ್ಮ ಹಳ್ಳಿಗಳಲ್ಲಿ ಪ್ಲೇಗ್ ಕಾಲದ ಹಿರಿಯರು ಹೇಳ್ತಿದ್ದ ಮಾತು ಒಂದೇ, ಇಲಿ ಬಿತ್ತು ಅಂದ್ರೆ ಊರು ಬಿಡಿ. ಮನೇಲಿ ಇಲಿ ಸತ್ತು ಬಿದ್ದ ತಕ್ಷಣ ಜನ ಗಂಟುಮೂಟೆ ಕಟ್ಕೊಂಡು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ತಿಂಗಳುಗಟ್ಟಲೆ ಇರ್ತಿದ್ರು, ಅದು ಯಾವ ಸರ್ಕಾರ ಹೇಳಿಕೊಟ್ಟಿದ್ದೂ ಅಲ್ಲ, ಜನ ಕಣ್ಣಿಂದ ನೋಡಿ ಕಲಿತದ್ದು. ಇಲಿಯಿಂದ ಚಿಗಟ, ಚಿಗಟದಿಂದ ಮನುಷ್ಯ ಅಂತ ಫ್ರೆಂಚ್ ಡಾಕ್ಟರ್ ಪೌಲ್ ಲೂಯಿ ಸಿಮೋಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದ್ದ, ಚಿಗಟ ತುಂಬಿದ ಸಾಯೋ ಇಲಿ ಪಕ್ಕದಲ್ಲಿ, ಒಂದಕ್ಕೊಂದು ಮುಟ್ಟದ ಹಾಗೆ ಜಾಲರಿ ಆಚೆ ಆರೋಗ್ಯವಾದ ಇಲಿ ಇಟ್ಟು. ಆದ್ರೆ ಎಡಿನ್‌ಬರೋ ಪ್ರೊಫೆಸರ್ ಥಾಮಸ್ ಫ್ರೇಸರ್ ಮುಂದಾಳಾಗಿದ್ದ ಇಂಡಿಯನ್ ಪ್ಲೇಗ್ ಕಮಿಷನ್ ಈ ಚಿಗಟದ ವಾದ ಒಪ್ಪಲಿಲ್ಲ. ಅಂದ್ರೆ 1900ರಲ್ಲಿ ಗ್ಲಾಸ್ಗೋದ ಅಧಿಕಾರಿಗಳ ಮುಂದೆ ಇದ್ದಿದ್ದು ಬಗೆಹರಿಯದ ಜಗಳ. ಆದ್ರೂ ಅವರು ಇಲಿ ಕಡೆಯೂ ನೋಡಿದ್ರು, ಆ ಬೀದಿಗಳಲ್ಲಿ ಬೋನು ಇಟ್ಟು ನೂರಾರು ಇಲಿ ಹಿಡಿದು ಪರೀಕ್ಷೆ ಮಾಡಿದ್ರು. ಇಲಿಗಳಲ್ಲಿ ಪ್ಲೇಗ್ ಹಬ್ಬಿದ ಗುರುತು ಸಿಗಲಿಲ್ಲ. ಇಲಿ ಬಿದ್ದಿರಲೇ ಇಲ್ಲ. ಹಾಗಾದ್ರೆ ಮನುಷ್ಯರಿಂದ ಮನುಷ್ಯರಿಗೇ ಹೋಗಿರಬೇಕು ಅಂತ ಅವರ ಊಹೆ, ಅದನ್ನ ಹಾಗೇ ವರದಿಯಲ್ಲಿ ಬರೆದ್ರು, 1901ರಲ್ಲಿ ಅದು ಅಚ್ಚಾಯ್ತು.

ಇಲ್ಲಿಂದ ಮುಂದೆ ಈ ವರದಿಗೆ ಆಗಿದ್ದು ಬೇಜಾರಿನ ಕಥೆ. 1905ರಿಂದ ಬೊಂಬಾಯಿಯಲ್ಲಿ ಕೆಲಸ ಮಾಡಿದ ಹೊಸ ಪ್ಲೇಗ್ ಸಂಶೋಧನಾ ತಂಡ ಇಲಿ ಚಿಗಟದ ವಾದವನ್ನ ಒಂದೊಂದೇ ಪ್ರಯೋಗ ಮಾಡಿ ಗಟ್ಟಿ ಮಾಡ್ತು, ಸಿಮೋಂಡ್ ಸರಿ ಅಂತಾಯ್ತು. ಒಳ್ಳೇದೇ ಆಯ್ತು, ಇಂಡಿಯಾದ ಪ್ಲೇಗಿಗೆ ಅದೇ ನಿಜ. ಆದ್ರೆ ಗಡ್ಡೆ ಪ್ಲೇಗ್ ಅಂದ್ರೆ ಇಲಿ, ಇಲಿ ಇಲ್ಲದೇ ಇಲ್ಲ ಅನ್ನೋದು ಪಠ್ಯಪುಸ್ತಕದ ಮಾತಾದ ಮೇಲೆ ಗ್ಲಾಸ್ಗೋದ ಆ ಮನೆ ಮನೆ ಲೆಕ್ಕಕ್ಕೆ ಜಾಗವೇ ಇಲ್ಲದಂಗೆ ಆಯ್ತು, ಇಲಿಗಳನ್ನ ಸರಿಯಾಗಿ ಹಿಡಿದಿರಲ್ಲ ಅಂತ ತಳ್ಳಿಹಾಕೋದು ಸುಲಭ. ನೂರಾರು ಇಲಿ ಹಿಡಿದವರಿಗೆ ಈ ಮಾತು ಹೇಳೋದು ಅನ್ಯಾಯ ಅಂತ ನನಗೆ ಅನಿಸುತ್ತೆ.

2019ರಲ್ಲಿ ಓಸ್ಲೋ ವಿಶ್ವವಿದ್ಯಾಲಯದ ಕ್ಯಾಥರೀನ್ ಡೀನ್ ಮತ್ತು ಜೊತೆಗಾರರು ಆ ಹಳೇ ವಿವರಗಳನ್ನ ತೆಗೆದು, ಯಾರಿಗೆ ಯಾವ ದಿನ ಕಾಯಿಲೆ ಶುರುವಾಯ್ತು, ಯಾರು ಯಾರ ಮನೆಗೆ ಹೋಗಿದ್ರು ಅನ್ನೋದನ್ನ ಲೆಕ್ಕಾಚಾರಕ್ಕೆ ಹಾಕಿ, ಯಾರಿಂದ ಯಾರಿಗೆ ಹೋಗಿರೋ ಸಂಭವ ಜಾಸ್ತಿ ಅಂತ ಮರದ ಕೊಂಬೆ ಥರ ನಕ್ಷೆ ಬಿಡಿಸಿದ್ರು. ಒಬ್ಬರಿಗೆ ಬಂದು, ಅವರಿಂದ ಹಿಡಿದ ಇನ್ನೊಬ್ಬರಿಗೆ ಲಕ್ಷಣ ಕಾಣೋಕೆ ಸರಾಸರಿ 7.4ರಿಂದ 9.2 ದಿನ. ಒಂದೇ ಮನೆಯೊಳಗೆ ಹರಡೋದು ಬಹಳ ಜಾಸ್ತಿ. ಶ್ವಾಸಕೋಶದ ಪ್ಲೇಗ್ ಆಗಿದ್ರೆ ಕೆಮ್ಮಿಂದ ಹರಡ್ತು ಅನ್ನಬಹುದಿತ್ತು, ಆದ್ರೆ ಇಲ್ಲಿದ್ದಿದ್ದು ಗಡ್ಡೆ ಪ್ಲೇಗ್. ಹಾಗಾಗಿ ಅನುಮಾನ ಹೋಗೋದು ಮನುಷ್ಯರ ಮೈ ಮೇಲೆ, ಬಟ್ಟೆ ಹಾಸಿಗೇಲಿ ಇರೋ ಚಿಗಟ, ಹೇನಿನ ಕಡೆಗೆ, ಗೋಡೆ ಗೂಡಿನ ಹಾಸಿಗೇಲಿ ನಾಲ್ಕೈದು ಜನ ಒಟ್ಟಿಗೆ ಮಲಗೋ ಮನೇಲಿ ಅವುಗಳಿಗೆ ದೂರ ಹೋಗೋ ಅವಶ್ಯಕತೆನೇ ಇಲ್ಲ. ಇನ್ನೊಂದು ವಿಷಯ ಈ ಅಧ್ಯಯನದಲ್ಲಿ ಸಿಕ್ಕಿದ್ದು, ಹರಡಿದವರೆಲ್ಲಾ ಸಾಯೋ ಸ್ಥಿತಿಯಲ್ಲಿ ರಕ್ತದ ತುಂಬಾ ಬ್ಯಾಕ್ಟೀರಿಯಾ ತುಂಬಿಕೊಂಡವರೇ ಆಗಿರಲಿಲ್ಲ. ರೋಗಿ ಕೊನೆ ಘಟ್ಟದಲ್ಲಿ ಇದ್ರೆ ಮಾತ್ರ ಚಿಗಟಕ್ಕೆ ಸೋಂಕು ಹಿಡಿಯೋದು ಅಂತಿದ್ದವರು ಇದಕ್ಕೆ ಉತ್ತರ ಕೊಡಬೇಕಾಯ್ತು.

ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನಕ್ಕೆ ಹೋಗ್ತಿದೆ ಅನ್ನೋ ಲೆಕ್ಕ, ನಗರಪಾಲಿಕೆ ಕ್ರಮ ಶುರು ಮಾಡಿದ ಮೇಲೆ ಒಂದಕ್ಕಿಂತ ಕೆಳಗೆ ಇಳಿದಿತ್ತು ಅಂತಲೂ ಆ ಅಧ್ಯಯನ ಹೇಳುತ್ತೆ. ಇದರಲ್ಲಿ ಸೀರಮ್ಮಿಗೆ ಎಷ್ಟು ಪಾಲು, ಬಟ್ಟೆ ಕುದಿಸಿದ್ದಕ್ಕೆ ಎಷ್ಟು, ಜನರನ್ನ ಬೇರೆ ಇಟ್ಟಿದ್ದಕ್ಕೆ ಎಷ್ಟು ಅಂತ ಬಿಡಿಸೋಕೆ ಆಗಲ್ಲ, ಎಲ್ಲಾ ಒಂದೇ ವಾರದಲ್ಲಿ ಒಟ್ಟಿಗೆ ಶುರುವಾಗಿದ್ವು. ಸೀರಮ್ ಆಗ್ಲೇ ಕಾಯಿಲೆ ಬಿದ್ದವರಿಗೆ ಕೊಟ್ಟಿದ್ದು, ಹರಡೋದನ್ನ ಅದು ನಿಲ್ಲಿಸಿರೋ ಸಾಧ್ಯತೆ ಕಮ್ಮಿ ಅಂತ ನನ್ನ ಲೆಕ್ಕ. ನನ್ನ ಓಟು ರಿಸೆಪ್ಷನ್ ಹೌಸಿಗೆ ಮತ್ತೆ ಧೋಬಿಖಾನೆಗೆ, ಯಾಕಂದ್ರೆ ಅವೆರಡೂ ಸೇರಿ ಸೋಂಕು ತಗುಲಿರಬಹುದಾದ ಜನರನ್ನ ಅವರ ಹಾಸಿಗೆಯಿಂದ ಬೇರೆ ಮಾಡಿದ್ವು, ಲಕ್ಷಣ ಕಾಣೋಕಿಂತ ಮುಂಚೆನೇ.